ನಡುಗಾತ್ರದ ಗಾಡಿ

ಸಾಗರ ರಸ್ತೆಯ ಶೋರೂಮಿನಲ್ಲಿ
ಮೂರು ಗಾಡಿ, ಮೂರೂ ಗಾಜಿನೊಳಗೆ.
ನಾನು ಹೊರಗೆ, ಖಾಕಿ ಅಂಗಿಯಲ್ಲೇ,
ಉಡುಪಿ ಟ್ರಿಪ್ಪು ಮುಗಿಸಿ ಬಂದವನು.

ಒಂದು ಕೆಂಪಗೆ, ಪೂರ್ತಿ ಮುಂದಕ್ಕೆ ಬಗ್ಗಿ,
ಬಿದ್ದ ಮೂಗುತಿ ಹುಡುಕಿದ ಹಾಗೆ.
ಇನ್ನೊಂದು ಎತ್ತರ, ಸೆಟೆದು ನಿಂತಿದೆ,
ಆರ್‌ಟಿಒ ಸಾಹೇಬರಂತೆ ಯಾರ ಮುಖವನ್ನೂ ನೋಡದೆ.
ನಡುವಿನದು
ಅರ್ಧ ಬಗ್ಗಿದೆ, ಅರ್ಧ ಎದ್ದಿದೆ,
ಪಂಕ್ತಿಯಲ್ಲಿ ಬಡಿಸುವವನು
‘ಇನ್ನೊಂಚೂರು?’ ಅಂತ ಕೇಳುವ ಭಂಗಿ.
ಅಲ್ಲೇ ನಿಂತೆ.

ಸಿಂಚನಾ ಅಂತ ಹುಡುಗಿ, ಕೊರಳಲ್ಲಿ ಕಾರ್ಡು:
‘ಇದು ಸ್ಪೋರ್ಟ್ಸ್ ಟೂರರ್ ಸಾರ್, ಮಿಡ್ ಸೈಜು,
ಟ್ವಿನ್ ಸಿಲಿಂಡರು, ಹೈವೇಲಿ ಬೆಣ್ಣೆ.’
‘ಹೈವೇ ಬಿಡಮ್ಮ. ಘಾಟಿಯಲ್ಲಿ?’
‘ಘಾಟಿಯಲ್ಲೂ ಬೆಣ್ಣೆ.’
ಘಾಟಿಯಲ್ಲಿ ಬೆಣ್ಣೆ ಜಾರುತ್ತದೆ ಎನ್ನಲು ಹೋಗಿ
ಸುಮ್ಮನಾದೆ, ಮಗಳ ವಯಸ್ಸು.

ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಇಲ್ಲಿ ಗಾದೆ ತಿರುಗಾಮುರುಗಾ,
ಕಾಲು ಇದ್ದಷ್ಟೇ ಸೀಟು.
ಎತ್ತರದ್ದನ್ನು ಹತ್ತಿದರೆ ಹೆಬ್ಬೆರಳು ಮಾತ್ರ ಟೈಲ್ಸಿಗೆ,
ಅಪ್ಪನ ಸೈಕಲ್ಲು ಕದ್ದ ಹುಡುಗನ ಪಾದ.
ಕೆಂಪಿನದರಲ್ಲಿ ನೆಲ ಸಿಕ್ಕಿತು; ಮುಂಗೈ ಹೇಳಿತು:
ಕೊಪ್ಪ ದಾಟುವಷ್ಟರಲ್ಲಿ ನನ್ನ ಆಸೆ ಬಿಡು.
ನಡುವಿನದರಲ್ಲಿ
ಎರಡೂ ಹಿಮ್ಮಡಿ ಊರಿದವು,
ಮನೆ ಮುಟ್ಟಿ ಚಪ್ಪಲಿ ಬಿಟ್ಟ ಹಾಗೆ.

ಇಬಾದುಲ್ಲಾ ಸಾಬರು ಬಸ್ಸಿನ ಹೊಟ್ಟೆಯಡಿ ಮಲಗಿದ್ದರು.
ಕಾಲು ಮಾತ್ರ ಕಾಣುತ್ತಿತ್ತು, ಕಾಲೇ ಮಾತಾಡಿತು:
‘ಎಷ್ಟು ಕುದುರೆ ಅಂತ ಕೇಳಬೇಡ,
ಲಾಳ ಹೊಡೆಯೋರು ಯಾರು ಅಂತ ಕೇಳು.
ಕ್ಲಚ್ ಕೇಬಲ್ಲು ಹುಬ್ಬಳ್ಳಿಯಿಂದ ಬರಬೇಕು ಅಂದ್ರೆ
ಗಾಡಿ ಹುಬ್ಬಳ್ಳೀದು, ಕಂತು ನಿಂದು.
ಹದಿನೇಳರ ಸ್ಪ್ಯಾನರ್ ಕೊಡು.’

ಭಾನುವಾರ ಜಲಜಾಕ್ಷಿ ಬಂದಳು.
ಚೀಟಿ ಎತ್ತಿದ್ದು ಅವಳು, ಹಾಗಾಗಿ
ಹಿಂದಿನ ಸೀಟನ್ನು ಮೊದಲು ನೋಡಿದಳು,
ಕೈಚಾಚಿ ಅಳೆದಳು: ಗೇಣು, ನಾಲ್ಕು ಬೆರಳು.
‘ಇದರಲ್ಲಿ ಕೂರೋದು ನಾನಾ, ಟಿಫಿನ್ ಡಬ್ಬಿಯಾ?’
ಆಮೇಲೆ ಸೆರಗು ಸಿಕ್ಕಿಸಿ ಹತ್ತಿ ಕೂತಳು.
ನನ್ನ ಹೆಗಲ ಮೇಲೆ ಕೈ ಇಟ್ಟಳು.
ಸಿಂಚನಾ ಬೆಲೆ ಹೇಳಿದಳು.
ಕೈ ಅಲ್ಲೇ ಇತ್ತು, ಸ್ವಲ್ಪ ಬಿಗಿಯಾಯಿತು.

ಟೆಸ್ಟ್ ರೈಡು ಗಾಜನೂರಿನವರೆಗೆ, ಒಬ್ಬನೇ.
ಬಸ್ಸು ವಾಲುತ್ತದೆ, ಬಾಗುವುದಿಲ್ಲ.
ತಿರುವು ಒಳಕ್ಕೆಳೆದರೆ ಜನ ಹೊರಕ್ಕೆ ಬೀಳುತ್ತಾರೆ,
ಚೀಲ ಬೀಳುತ್ತದೆ, ಮಕ್ಕಳು ವಾಂತಿ ಮಾಡುತ್ತವೆ;
ಹತ್ತೊಂಬತ್ತು ವರ್ಷ, ಆಗುಂಬೆಯ ಹದಿನಾಲ್ಕು ತಿರುವು,
ಇಳಿಯುವಾಗೊಮ್ಮೆ ಏರುವಾಗೊಮ್ಮೆ
ನೇರ ಕೂತೇ ದಾಟಿದವನು ನಾನು.
ಈ ಗಾಡಿಗೆ ಅದು ಗೊತ್ತಿಲ್ಲ.
ತಿರುವು ಬಂದಾಗ ತಾನೇ ಒಳಕ್ಕೆ ವಾಲಿ
ಬಾ ಅಂದಿತು.
ಬ್ರೇಕು ಹಿಡಿದೆ.
ಕಂಬಿ ಹಿಡಿದು ನಿಂತವರು ಬೀಳುತ್ತಾರೆಂದು
ಮೆಲ್ಲಗೆ, ನೆಟ್ಟಗೆ, ಹಾರ್ನು ಹೊಡೆದು ದಾಟಿಸಿದೆ.
ಕನ್ನಡಿಯಲ್ಲಿ ನೋಡಿದರೆ
ಹಿಂದೆ ರಸ್ತೆ ಮಾತ್ರ.

‘ಹೇಗಿತ್ತು ಸಾರ್?’
‘ಗಾಡಿ ಚೆನ್ನಾಗಿದೆ’ ಅಂದೆ.
ಓಡಿಸಿದವನ ಬಗ್ಗೆ ಅವಳು ಕೇಳಲಿಲ್ಲ.

ಸೋಮವಾರ ಮಧ್ಯಾಹ್ನ, ಸೋಮೇಶ್ವರದಿಂದ ಮೇಲಕ್ಕೆ.
ಬಸ್ಸು ತುಂಬಿತ್ತು. ಏಳನೆಯ ತಿರುವಿಗೆ
ಸ್ಟೀರಿಂಗು ತಿರುಗಿಸುತ್ತ, ಯಾರಿಗೂ ಕಾಣದಷ್ಟು,
ಎಡಭುಜ ಒಂಚೂರು ಇಳಿಸಿದೆ.
ಎಂಟಕ್ಕೆ ಬಲಭುಜ.
ಒಂಬತ್ತಕ್ಕೆ ಸೊಂಟವೂ ಬಂತು.

ಹೆಬ್ರಿಯಲ್ಲಿ ಹತ್ತಿದ ಅಜ್ಜಿ, ಮುಂದಿನ ಸೀಟು,
ಮಡಿಲಲ್ಲಿ ಬಾಳೆಲೆ ಸುತ್ತಿದ ಮಲ್ಲಿಗೆ ಅಟ್ಟೆ:
‘ಎಂತ ಡ್ರೈವರೇ, ನಡು ಹಿಡ್ಕೊಂಡಿತಾ?’
‘ಇಲ್ಲಜ್ಜಿ, ಬೈಕು ಆರಿಸ್ತಾ ಇದೀನಿ.’
ಅಜ್ಜಿ ಹತ್ತನೆಯ ತಿರುವು ಮುಗಿಯುವವರೆಗೆ ಯೋಚಿಸಿ
‘ಹಿಂದೆ ಕೂತವರಿಗೆ ಹಿಡ್ಕೊಳ್ಳಲಿಕ್ಕೆ ಉಂಟಾ,
ಅದು ನೋಡು’ ಅಂದಳು.